ಹತ್ತನೇ ಗಿರಾಕಿ

ಜುಲೈ 9, ಮಂಗಳವಾರ

ಇವತ್ತು ಕಾಲೇಜಿಗೆ ಹೋದೆ. ನಲವತ್ನಾಲ್ಕನೇ ವಯಸ್ಸಿನಲ್ಲಿ ಇಂಥ ವಾಕ್ಯ ಬರೆಯುತ್ತೀಯ ಅಂತ ಯಾರಾದರೂ ಹೇಳಿದ್ದರೆ, ನಿಮ್ಮ ತಲೆ ನೆಟ್ಟಗಿದೆಯಾ ಅಂತ ಕೇಳುತ್ತಿದ್ದೆ.

ತರಗತಿಯೊಳಗೆ ಕಾಲಿಟ್ಟ ಕೂಡಲೇ ಅರವತ್ತು ಹುಡುಗ ಹುಡುಗಿಯರು ದಡಬಡ ಎದ್ದು 'ಗುಡ್ ಮಾರ್ನಿಂಗ್ ಮೇಡಂ' ಅಂದರು. ಮೇಡಂ ಯಾರಪ್ಪಾ ಅಂತ ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಸೀದಾ ಹೋಗಿ ಕೊನೇ ಬೆಂಚಿನಲ್ಲಿ ಕೂತೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಬೆಂಚು ಬರೀ ಮರ, ಒಂದು ಇಂಚು ಸ್ಪಂಜಿಲ್ಲ. ಮೂರು ವರ್ಷ ಇದರ ಮೇಲೆ ಕೂತರೆ ಡಿಗ್ರಿಗಿಂತ ಮೊದಲು ಬೆನ್ನುನೋವು ಬರುತ್ತದೆ.

ನಿಜವಾದ ಮೇಡಂ ಹತ್ತು ನಿಮಿಷ ತಡವಾಗಿ ಬಂದರು. ಮೂವತ್ತೂ ದಾಟಿರಲಾರದು. ಉದ್ಯಮಶೀಲತೆ ಪಾಠ ಮಾಡುತ್ತಾರೆ. ಒಬ್ಬೊಬ್ಬರನ್ನೇ ಎಬ್ಬಿಸಿ, ವ್ಯವಹಾರ ಯಾಕೆ ಓದೋಕೆ ಬಂದಿರಿ ಅಂತ ಕೇಳಿದರು. ಒಬ್ಬ ಇಪ್ಪತ್ತೈದಕ್ಕೆ ಸ್ವಂತ ಕಂಪನಿ ಕಟ್ಟುತ್ತಾನಂತೆ. ಇನ್ನೊಬ್ಬನಿಗೆ ಬೇರೆ ಕೋರ್ಸಿನಲ್ಲಿ ಸೀಟು ಸಿಗಲಿಲ್ಲವಂತೆ. ನನ್ನ ಸರದಿ ಬಂತು.

"ನಮ್ದು ಸೋಫಾ ರಿಪೇರಿ ಅಂಗಡಿ ಮೇಡಂ. ಇವರು ಹೋದ ಮೇಲೆ, ಫೆಬ್ರವರಿಯಿಂದ ಮುಚ್ಚಿದೆ. ಮತ್ತೆ ತೆಗೀಬೇಕು. ಹೊಲಿಗೆ ಬಿಟ್ಟು ನನಗೆ ಬೇರೇನೂ ಗೊತ್ತಿಲ್ಲ. ಕಲಿಯೋಣ ಅಂತ ಬಂದೆ."

"ಇವರು ಅಂದ್ರೆ?" ಅಂತ ಮೇಡಂ ನನ್ನ ಅಕ್ಕಪಕ್ಕ ನೋಡಿದರು, ಅಲ್ಲಿ ಯಾರೋ ಕೂತಿದ್ದಾರೆ ಅಂದುಕೊಂಡು.

"ನನ್ನ ಗಂಡ" ಅಂದೆ. ಆಗ ಯಾರೂ ನಗಲಿಲ್ಲ.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಏನಮ್ಮಾ ಕಾಲೇಜು ಹುಡುಗಿ, ಹೋಂವರ್ಕ್ ಕೊಟ್ರಾ? ಹುಡುಗರು ಯಾರಾದ್ರೂ ಹಿಂದೆ ಬಿದ್ರಾ?" ಎಪ್ಪತ್ತೆಂಟು ವರ್ಷ. ಇದ್ದ ಒಬ್ಬನೇ ಮಗ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. ನಮಗೆ ಮಕ್ಕಳಾಗಲಿಲ್ಲ. ಅತ್ತೆ ನನ್ನನ್ನು ಗೋಳು ಹೊಯ್ದುಕೊಳ್ಳುವ ದಿನ ಅಳುವುದಿಲ್ಲ. ಹಾಗಾಗಿ ಹೊಯ್ದುಕೊಳ್ಳಲಿ ಅಂತ ಬಿಟ್ಟಿದ್ದೇನೆ.

ಜುಲೈ 17, ಬುಧವಾರ

ಮಧ್ಯಾಹ್ನ ಪಾಠ ಇರಲಿಲ್ಲ. ಅಂಗಡಿಗೆ ಹೋದೆ. ತುಕ್ಕು ಹಿಡಿದ ಶಟರ್ ಎತ್ತಲು ಪಕ್ಕದ ಚಪ್ಪಲಿ ಅಂಗಡಿಯವರೂ ಕೈ ಜೋಡಿಸಬೇಕಾಯಿತು.

ಒಳಗೆ ಸ್ಪಂಜು ಮತ್ತು ಅಂಟಿನ ವಾಸನೆ ಹಾಗೇ ಇದೆ. ಇವರ ಸುತ್ತಿಗೆ, ಮೊಳೆ ಕೀಳುವ ಇಕ್ಕಳ, ದಬ್ಬಳ, ದಾರದ ಉಂಡೆ, ಎಲ್ಲ ಗೋಡೆಯ ಮೇಲೆ ಅದರದರ ಜಾಗದಲ್ಲಿವೆ. ಇಪ್ಪತ್ತೆರಡು ವರ್ಷ ಇಲ್ಲಿ ಇವರು ಮತ್ತು ಕೆಲಸಕ್ಕಿದ್ದ ಮೇಸ್ತ್ರಿ ಇಬ್ಬರೇ ದುಡಿದರು. ಜನ ಹಳೇ ಸೋಫಾ, ಕುರ್ಚಿ ತಂದು ಹಾಕುತ್ತಿದ್ದರು. ಹೊದಿಕೆ ಬಿಚ್ಚುವುದು, ಕುಸಿದ ಸ್ಪ್ರಿಂಗು ಬಿಗಿಯುವುದು, ಹೊಸ ಸ್ಪಂಜು ತುಂಬುವುದು, ಹೊಸ ಬಟ್ಟೆ ಹೊದಿಸಿ ಕಳಿಸುವುದು. ಆ ಬಟ್ಟೆ ಹೊಲಿಯುವುದು ನನ್ನ ಪಾಲಿನ ಕೆಲಸ. ಅದನ್ನು ಮನೆಯಲ್ಲೇ ಮಾಡುತ್ತಿದ್ದೆ.

ಇವರದೊಂದು ಹಟ ಇತ್ತು. ಬಿಚ್ಚಿದ ಕುರ್ಚಿಯನ್ನು ಹಾಗೇ ಬಿಟ್ಟು ಮನೆಗೆ ಬರುತ್ತಿರಲಿಲ್ಲ. ದೊಡ್ಡ ಸೋಫಾ ಆದರೆ ಒಂದು ಭಾಗ ಬಿಚ್ಚಿ, ಅದನ್ನು ಮುಚ್ಚಿಯೇ ಮುಂದಿನ ಭಾಗಕ್ಕೆ ಕೈ ಹಾಕುತ್ತಿದ್ದರು. ನಾಲ್ಕು ಗಂಟೆ ದಾಟಿದರೆ ಯಾವ ಮೊಳೆಯನ್ನೂ ಕೀಳುತ್ತಿರಲಿಲ್ಲ. "ಮರ್ಯಾದಸ್ಥರ ಸೋಫಾ ಕಣೆ, ಬಟ್ಟೆ ಇಲ್ದೆ ಹೇಗೆ ಮಲಗಿಸೋದು?" ಅನ್ನುತ್ತಿದ್ದರು. ಮೇಸ್ತ್ರಿ ಪ್ರತಿ ಸಲವೂ ನಗುತ್ತಿದ್ದ, ಮೊದಲ ಸಲ ಕೇಳಿದವನ ಹಾಗೆ.

ಫೆಬ್ರವರಿಯ ಆ ಗುರುವಾರ ಬೆಳಿಗ್ಗೆ ಅಂಗಡಿ ತೆಗೆದು ಸ್ಟೂಲಿನ ಮೇಲೆ ಕೂತು ನೀರು ಕೇಳಿದರಂತೆ. ಮೇಸ್ತ್ರಿ ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವತ್ತು ಇಲ್ಲಿ ಒಂದೂ ಕೆಲಸ ಬಾಕಿ ಇರಲಿಲ್ಲ. ಬೇರೆಯವರದು ಅಂತ ಒಂದು ದಿಂಬೂ ಇರಲಿಲ್ಲ. 'ನನ್ನ ಮಗ ಅಷ್ಟು ಅಚ್ಚುಕಟ್ಟು' ಅಂತ ಅತ್ತೆ ಹೇಳುತ್ತಾರೆ. ನನಗೆ ಅನ್ನಿಸುವುದು ಬೇರೆ. ಕೊನೇ ವರ್ಷ ಕೆಲಸವೇ ಕಡಿಮೆಯಾಗಿತ್ತು. ಯಾಕೆ ಅಂತ ನನಗೆ ಗೊತ್ತಾಗಬೇಕು. ಗೊತ್ತಾಗದೆ ಮತ್ತೆ ಅಂಗಡಿ ತೆಗೆದು ಏನು ಪ್ರಯೋಜನ?

ಆಗಸ್ಟ್ 2, ಶುಕ್ರವಾರ

ಮೇಡಂ ಪ್ರಾಜೆಕ್ಟ್ ಕೊಟ್ಟರು. ಇಬ್ಬಿಬ್ಬರ ಜೋಡಿ. ಮುಚ್ಚಿಹೋದ ಒಂದು ಉದ್ಯಮ ಆರಿಸಿಕೊಂಡು, ಯಾಕೆ ಸೋತಿತು ಅಂತ ಹುಡುಕಬೇಕು. ಅಲ್ಲಿಗೆ ಬರುವುದನ್ನು ಬಿಟ್ಟ ಹತ್ತು ಗ್ರಾಹಕರನ್ನು ಕಂಡು ಮಾತಾಡಿಸಬೇಕು. ಕೊನೆಗೆ, ಮತ್ತೆ ಆರಂಭಿಸಬಹುದೇ ಬೇಡವೇ ಅಂತ ಶಿಫಾರಸು ಬರೆಯಬೇಕು.

ನನ್ನ ಜೋಡಿ ಗುಂಗುರು. ಗುಂಗುರು ಕೂದಲಿನ ಹುಡುಗಿ, ಹದಿನೆಂಟು ವರ್ಷ, ಇಡೀ ಕಾಲೇಜು ಹಾಗೇ ಕರೆಯುತ್ತದೆ. "ಆಂಟಿ, ನಿಮ್ಮ ಅಂಗಡೀನೇ ತಗೊಳ್ಳೋಣ, ಊರೆಲ್ಲ ಯಾಕೆ ಅಲೀಬೇಕು" ಅಂದಳು. ನಮ್ಮದು ಸೋತಿಲ್ಲ, ಮುಚ್ಚಿದೆ ಅಷ್ಟೇ ಅಂತ ರೇಗಿದೆ. ಮೇಡಂ ಕೇಳಿಸಿಕೊಂಡರು.

"ಅವೆರಡಕ್ಕೂ ಏನು ವ್ಯತ್ಯಾಸ ಅಂತ ಹುಡುಕಿ ನೋಡಿ. ಅಂಗಡಿ ಮತ್ತೆ ತೆಗೀಬೇಕಾ ಬೇಡ್ವಾ ಅನ್ನೋದು ನಿಮಗೇ ಗೊತ್ತಾಗುತ್ತೆ."

ಸಣ್ಣ ವಯಸ್ಸಿನವರ ಕೈಲಿ ಹೀಗೆ ಹೇಳಿಸಿಕೊಳ್ಳುವುದು ಕಷ್ಟ. ಆದರೆ ಮಾತು ಸರಿಯಾಗಿತ್ತು. ಒಪ್ಪಿದೆ.

ಗ್ರಾಹಕ ಅನ್ನುವ ಪದ ಮಾತ್ರ ನಾಲಿಗೆಗೆ ಹೊರಳುತ್ತಿಲ್ಲ. ಕೋರ್ಟಿಗೆ ಹೋಗುವವನ ಹಾಗೆ ಕೇಳಿಸುತ್ತದೆ. ನಮ್ಮಲ್ಲಿ ಗಿರಾಕಿ ಅಂತಲೇ ಹೇಳುವುದು.

ಆಗಸ್ಟ್ 14, ಬುಧವಾರ

ಗುಂಗುರು ಮನೆಗೆ ಬಂದು ನನ್ನನ್ನೇ ಪ್ರಶ್ನೆ ಕೇಳಿದಳು. ಕೆಲಸ ಕಡಿಮೆಯಾಗಿದ್ದು ಯಾವಾಗಿನಿಂದ?

ಕಳೆದ ವರ್ಷ ಮಾರ್ಚಿನಿಂದ. ಅದು ನನಗೆ ಚೆನ್ನಾಗಿ ನೆನಪಿದೆ. ಒಂದು ಹೋಟೆಲಿನವರು ನಲವತ್ತು ಕುರ್ಚಿಗೆ ಹೊಸ ಹೊದಿಕೆ ಬೇಕು ಅಂತ ಮನೆಗೇ ಬಂದಿದ್ದರು. ಅಷ್ಟು ದೊಡ್ಡ ಕೆಲಸ ಹಿಂದೆ ಯಾವತ್ತೂ ಬಂದಿರಲಿಲ್ಲ. ನಾನು ಆಗಲೇ ಮನಸ್ಸಿನಲ್ಲಿ ಬಣ್ಣ ಆರಿಸುತ್ತಿದ್ದೆ. ಇವರು ಚಹಾ ಕೊಡಿಸಿ, 'ಆಗಲ್ಲ, ಬೇರೆ ಕಡೆ ನೋಡಿ' ಅಂತ ಕಳಿಸಿಬಿಟ್ಟರು. ನನ್ನ ಮೈ ಉರಿದುಹೋಯಿತು.

"ನಿಮ್ಮಂಥ ಸೋಮಾರಿನ ನಾನು ಎಲ್ಲೂ ನೋಡಿಲ್ಲ" ಅಂದೆ.

"ಹೂಂ ಕಣೆ, ಸೋಮಾರಿನೇ. ಈಗ ಗೊತ್ತಾಯ್ತಾ?" ಅಂತ ನಕ್ಕರು.

ಆ ನಗುವಿಗೇ ಎರಡು ದಿನ ಮಾತು ಬಿಟ್ಟೆ. ಆಮೇಲೂ ಆ ಪದವನ್ನು ಕೈಬಿಡಲಿಲ್ಲ. ಮಧ್ಯಾಹ್ನ ಮಲಗಿದರೆ ಸೋಮಾರಿ. ಮೆಟ್ಟಿಲ ಮಧ್ಯೆ ನಿಂತರೆ ಸೋಮಾರಿ. ಅಂಗಡಿಯಿಂದ ಬೇಗ ಬಂದರೆ ಸೋಮಾರಿ. ಇವರು ಒಂದು ಸಲವೂ ಎದುರಾಡಲಿಲ್ಲ.

ಗುಂಗುರು ಇದನ್ನೆಲ್ಲ ಬರೆದುಕೊಂಡು ಕೆಳಗೆ ಕೆಂಪು ಗೆರೆ ಎಳೆದಳು. "ಆಂಟಿ, ಸೂಪರ್. ಇದು ಕೈಬಿಟ್ಟ ಬೆಳವಣಿಗೆ ಅವಕಾಶ. ಮೇಡಂ ಕುಣಿದಾಡ್ತಾರೆ."

ಆಗಸ್ಟ್ 29, ಗುರುವಾರ

ಆರು ಗಿರಾಕಿಗಳಾದರು. ಬಸ್ಸಿನಲ್ಲಿ ಓಡಾಡಿ ಕಾಲು ಬಿದ್ದುಹೋಗಿದೆ.

ಎಲ್ಲರದೂ ಒಂದೇ ರಾಗ. ಹೊಲಿಗೆ ತರಗತಿ ನಡೆಸುವವರು ಹೇಳಿದರು: "ಒಳ್ಳೇ ಕೆಲಸಗಾರ ಕಣ್ರೀ. ಆದ್ರೆ ಕೊನೇ ಸಲ, ನಿಮ್ಮ ಸೋಫಾ ಇನ್ನೂ ಎರಡು ವರ್ಷ ಬರುತ್ತೆ, ಸುಮ್ನೆ ಯಾಕೆ ಬಿಚ್ಚಿಸ್ತೀರಿ ಅಂತ ವಾಪಸ್ ಕಳಿಸಿಬಿಟ್ರು." ವಕೀಲರೊಬ್ಬರಿಗೆ ಬೇರೆ ಅಂಗಡಿಯ ವಿಳಾಸ ಬರೆದುಕೊಟ್ಟರಂತೆ. ತಾವೇ! ಎದುರಾಳಿಯ ವಿಳಾಸ! ಒಂದು ಮನೆಯಲ್ಲಿ ಕುರ್ಚಿಯ ಕಾಲು ಅಲ್ಲಾಡುತ್ತಿತ್ತು ಅಂತ ಅದನ್ನು ಮಾತ್ರ ಬಿಗಿದು, ಹೊದಿಕೆಗೆ ಆಮೇಲೆ ಬರುತ್ತೇನೆ ಅಂತ ಹೇಳಿ ಹೋದವರು ಬರಲೇ ಇಲ್ಲವಂತೆ.

ಮೊದಲೆರಡು ಮನೆಗಳಲ್ಲಿ ಇವರ ಪರವಾಗಿ ಏನಾದರೊಂದು ಹೇಳುತ್ತಿದ್ದೆ. ಈಗ ಹೇಳುತ್ತಿಲ್ಲ. ತಲೆಯಾಡಿಸಿ ಬರೆದುಕೊಳ್ಳುತ್ತೇನೆ. ಉತ್ತರಕ್ಕೆ ನಮ್ಮ ಬಣ್ಣ ಹಚ್ಚಬಾರದು ಅಂತ ಮೇಡಂ ಹೇಳಿದ್ದಾರೆ.

ಸೆಪ್ಟೆಂಬರ್ 6, ಶುಕ್ರವಾರ

ಒಂಬತ್ತಾಯಿತು. ಹತ್ತನೆಯವರು ನಿವೃತ್ತ ನರ್ಸು. ಆ ಬೀದಿಯವರೆಲ್ಲ ಈಗಲೂ ಸಿಸ್ಟರ್ ಅಂತಲೇ ಕರೆಯುತ್ತಾರೆ. ಎರಡು ಸಲ ಹೋದೆ, ಬೀಗ. ತಂಗಿಯ ಮನೆಗೆ ಹೋಗಿದ್ದಾರಂತೆ, ಫೋನು ಎತ್ತುತ್ತಿಲ್ಲ. ಬಾಗಿಲ ಸಂದಿಯಲ್ಲಿ ನನ್ನ ನಂಬರು ಬರೆದ ಚೀಟಿ ತೂರಿಸಿ ಬಂದೆ. "ಒಂಬತ್ತು ಜನ ಒಂದೇ ಹೇಳಿದ್ದಾರೆ ಆಂಟಿ, ಹತ್ತನೆಯವರು ಹೊಸದೇನು ಹೇಳ್ತಾರೆ" ಅಂದಳು ಗುಂಗುರು. ನನಗೂ ಹೌದೆನ್ನಿಸಿತು. ಆ ಸಾಲಿನಲ್ಲಿ 'ಪ್ರತಿಕ್ರಿಯೆ ಇಲ್ಲ' ಅಂತ ಬರೆದೆವು.

ಮೇಡಂ ಕರಡು ನೋಡಿದರು. ಎಲ್ಲ ಪುಟದಲ್ಲೂ ಸುತ್ತು ಹಾಕಿದ್ದಾರೆ. "ಇವರು, ನಮ್ಮವರು, ಮನೆಯವರು, ಇವೆಲ್ಲ ವರದಿಯಲ್ಲಿ ಬೇಡ. ಸಂಸ್ಥಾಪಕ ಅಂತ ಬರೀರಿ. ಮಾಡಿದರು ಅಲ್ಲ, ಮಾಡಿದ. ನಿಮ್ಮ ಗಂಡ ಅನ್ನೋದನ್ನ ಮರೆತು ನೋಡಿದ್ರೆ ಮಾತ್ರ ನಿಮಗೆ ಕಾಣಿಸುತ್ತೆ."

ನಲವತ್ತೊಂದು ಕಡೆ ತಿದ್ದಿದೆ. ಮೊದಲ ಹತ್ತು ಹನ್ನೆರಡು ಕಡೆ ತಪ್ಪಿ ಮತ್ತೆ 'ಮಾಡಿದರು' ಅಂತಲೇ ಬರೆದೆ. ಆಮೇಲೆ ಅಭ್ಯಾಸವಾಯಿತು.

ಸೆಪ್ಟೆಂಬರ್ 15, ಭಾನುವಾರ

ಮಂಗಳವಾರ ತರಗತಿಯ ಮುಂದೆ ವರದಿ ಮಂಡಿಸಬೇಕು. ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದೆ. "ಉದ್ಯಮದ ಸೋಲಿಗೆ ಮುಖ್ಯ ಕಾರಣ ಮಾರುಕಟ್ಟೆ ಅಲ್ಲ, ಸಂಸ್ಥಾಪಕನ ನಿರಾಸಕ್ತಿ. ಬಂದ ಕೆಲಸವನ್ನು ಆತ ತಾನಾಗಿಯೇ ತಿರಸ್ಕರಿಸಿದ. ಆತನಲ್ಲಿ ಛಲವಿರಲಿಲ್ಲ."

ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮಲಗಿದ್ದಾರೆ ಅಂದುಕೊಂಡಿದ್ದೆ.

"ಯಾರ ವಿಷಯ ಅದು?"

"ಪಾಠದ್ದು ಅತ್ತೆ."

"ನನಗೆ ಕಿವಿ ಸರಿಯಾಗೇ ಇದೆ. ನನ್ನ ಮಗ ಸೋಮಾರಿನಾ? ಹನ್ನೆರಡನೇ ವಯಸ್ಸಿಂದ ಮೊಳೆ ಬಾಯಲ್ಲಿಟ್ಕೊಂಡು ದುಡಿದವನು. ಅವನು ಬದುಕಿದ್ದಾಗ ನೀನು ಅಂದಿದ್ದು ಸಾಲ್ದು ಅಂತ, ಈಗ ಊರ ಮುಂದೆ ನಿಂತು ಹೇಳ್ತೀಯಾ?"

ಇದು ಬರೀ ಕಾಲೇಜಿನ ಕೆಲಸ, ಇದರಲ್ಲಿ ಮಗ ಗಂಡ ಅಂತ ಇರುವುದಿಲ್ಲ ಅಂತ ಏನೇನೋ ಹೇಳಿದೆ. ಅತ್ತೆ ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದರು. ಊಟಕ್ಕೆ ಕರೆದರೆ ಬರಲಿಲ್ಲ. ನನಗೂ ಸಿಟ್ಟು ಬಂತು. ಸತ್ಯ ಹೇಳಿದರೆ ಯಾರಿಗೂ ಆಗುವುದಿಲ್ಲ.

ಸೆಪ್ಟೆಂಬರ್ 17, ಮಂಗಳವಾರ

ಮೂವತ್ತಕ್ಕೆ ಇಪ್ಪತ್ತೊಂಬತ್ತು! ತರಗತಿಗೇ ಹೆಚ್ಚು. ಮೇಡಂ ಎಲ್ಲರಿಗೂ ನಮ್ಮ ವರದಿ ತೋರಿಸಿ, "ಭಾವನೆ ಪಕ್ಕಕ್ಕಿಟ್ಟು ನೋಡೋದು ಅಂದ್ರೆ ಹೀಗೆ" ಅಂದರು. ಗುಂಗುರು ನನ್ನನ್ನು ಎತ್ತಿಕೊಳ್ಳಲು ಹೋಗಿ ತಾನೇ ಬಿದ್ದಳು.

ನಮ್ಮ ಶಿಫಾರಸು: ಮತ್ತೆ ಆರಂಭಿಸುವುದು ಬೇಡ. ಒಂದು ವರ್ಷದಿಂದ ಗ್ರಾಹಕರನ್ನು ತಿರುಗಿಸಿ ಕಳಿಸಿದ ಅಂಗಡಿಗೆ ಗ್ರಾಹಕರೇ ಉಳಿದಿಲ್ಲ.

ಅತ್ತೆಗೆ ಹೇಳಲಿಲ್ಲ. ಅವರು ನನ್ನ ಜೊತೆ ಮಾತಾಡುತ್ತಿಲ್ಲ. ಬೇಕಾದ್ದನ್ನು ಗೋಡೆಗೆ ಹೇಳುತ್ತಾರೆ. "ಮಾತ್ರೆ ಮುಗಿದಿದೆ" ಅಂತ ಗೋಡೆಗೆ ಹೇಳಿದರೆ ನಾನು ಹೋಗಿ ತರಬೇಕು.

ಸೆಪ್ಟೆಂಬರ್ 30, ಸೋಮವಾರ

ಅಂಗಡಿ ಬಿಟ್ಟುಕೊಟ್ಟೆ. ಕಟ್ಟಡದ ಯಜಮಾನರಿಗೆ ಬೀಗದ ಕೈ ಒಪ್ಪಿಸಿದೆ. ನಾಳೆಯಿಂದ ಮೊಬೈಲ್ ರಿಪೇರಿಯವರು ಬರುತ್ತಾರೆ. ಹತ್ಯಾರುಗಳನ್ನು ಮೇಸ್ತ್ರಿಗೆ ಕೊಟ್ಟೆ. ಈಗ ಹಾಸಿಗೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಒಂದು ಗಂಟೆ ರಜೆ ಕೇಳಿಕೊಂಡು ಬಂದಿದ್ದ. ಎಲ್ಲ ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಅಲ್ಲೇ ನಿಂತ.

"ಅಕ್ಕ, ಅಂಗಡಿ ಬಿಡಲೇಬೇಕಾ?"

"ಮಾಲೀಕನಿಗೇ ಬೇಡವಾಗಿದ್ದ ಅಂಗಡಿ. ನಾನು ಇಟ್ಕೊಂಡು ಏನ್ ಮಾಡ್ಲಿ?"

ಏನೋ ಹೇಳಲು ಬಾಯಿ ತೆರೆದ. ಆಮೇಲೆ ಚೀಲ ಹೆಗಲಿಗೇರಿಸಿ ಹೊರಟುಹೋದ.

ನನಗೆ ಅಳು ಬರಲಿಲ್ಲ. ಸರಿಯಾದ ಕೆಲಸ ಮಾಡಿದೆ ಅನ್ನಿಸಿತು.

ಅಕ್ಟೋಬರ್ 9, ಬುಧವಾರ

ಸಿಸ್ಟರ್ ಫೋನ್ ಮಾಡಿದರು. ನಿನ್ನೆ ಊರಿಗೆ ಬಂದರಂತೆ, ಬಾಗಿಲಲ್ಲಿ ಚೀಟಿ ಸಿಕ್ಕಿತಂತೆ. ಪ್ರಾಜೆಕ್ಟ್ ಮುಗಿದಿದೆ, ಬೇಡ ಅಂತ ಹೇಳಬಹುದಿತ್ತು. ಕಾಲೇಜು ಬಿಟ್ಟ ಮೇಲೆ ಹೇಗೂ ಆ ದಾರಿಯಲ್ಲೇ ಬರಬೇಕಲ್ಲ ಅಂತ ಹೋದೆ.

ಎರಡನೇ ಮಹಡಿ. ಕಿಟಕಿ ಪಕ್ಕ ಹಸಿರು ಸೋಫಾ, ನಡುವೆ ಕುಸಿದಿದೆ. ಕೂರಿಸಿ ಚಹಾ ಕೊಟ್ಟರು. ನಾನು ಪುಸ್ತಕ ತೆಗೆದು, ನಮ್ಮ ಅಂಗಡಿಗೆ ಬರೋದು ಯಾಕೆ ಬಿಟ್ಟಿರಿ ಅಂತ ಮೊದಲನೇ ಪ್ರಶ್ನೆ ಓದಿದೆ. ಅವರು ನನ್ನ ಮುಖವನ್ನೇ ನೋಡಿದರು.

"ನಿಮಗೆ ಹೇಳೇ ಇಲ್ವಾ?"

"ಏನನ್ನ?"

ಚಹಾದ ಲೋಟ ಕೆಳಗಿಟ್ಟರು. ಆಮೇಲೆ ನಿಧಾನಕ್ಕೆ ಹೇಳಿದರು. ಕಳೆದ ವರ್ಷ ಫೆಬ್ರವರಿಯಲ್ಲಿ ಇವರು ಈ ಸೋಫಾದ ಅಳತೆ ತೆಗೆಯಲು ಬಂದಿದ್ದರು. ಮೆಟ್ಟಿಲು ಹತ್ತಿ ಬಂದವರು ನೆಲದ ಮೇಲೇ ಕೂತುಬಿಟ್ಟರು. ಹಣೆಯ ತುಂಬ ಬೆವರು. ಸಿಸ್ಟರ್ ನಾಡಿ ಹಿಡಿದು ನೋಡಿ, ಟೇಪು ಕಸಿದುಕೊಂಡು, ತಾವೇ ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹೃದಯ ಬಹಳ ದುರ್ಬಲವಾಗಿತ್ತಂತೆ. ಆಪರೇಷನ್ ಮಾಡಿದರೂ ಭರವಸೆ ಕೊಡಲಾಗುವುದಿಲ್ಲ, ಮಾಡದಿದ್ದರೆ ಎಷ್ಟು ದಿನ ಅಂತ ಹೇಳಲಾಗುವುದಿಲ್ಲ ಅಂದರಂತೆ.

"ಹದಿನೈದು ದಿನ ಬಿಟ್ಟು ಮತ್ತೆ ಬಂದಿದ್ರು. ಆಪರೇಷನ್ ಬೇಡ ಅಂತ ತೀರ್ಮಾನ ಮಾಡಿದ್ರು. ಈ ಸೋಫಾದ ಮರ ಒಳಗೆ ಪೂರ್ತಿ ಹೋಗಿದೆ, ಎಲ್ಲಾ ಒಂದೇ ಸಲ ಬಿಚ್ಚಬೇಕು, ತಿಂಗಳ ಕೆಲಸ, ನಾನು ತಗೊಳ್ಳಲ್ಲ ಸಿಸ್ಟರ್ ಅಂದ್ರು. ಬಿಚ್ಚಿಟ್ಟು ನಾನು ಹೊರಟುಹೋದ್ರೆ ನಿಮ್ಮ ಸೋಫಾ ಎಲುಬಾಗಿ ಅಂಗಡೀಲಿ ಬಿದ್ದಿರುತ್ತೆ, ನೀವು ಯಾರನ್ನ ಕೇಳ್ತೀರಿ? ಇನ್ಮೇಲೆ ಒಂದು ದಿನದಲ್ಲಿ ಮುಗಿಯೋ ಕೆಲಸ ಮಾತ್ರ ಅಂದ್ರು. ಮನೇಲಿ ಹೇಳಿ ಅಂತ ನಾನು ಎಷ್ಟು ಬೈದೆ ಗೊತ್ತಾ? ಹೇಳ್ತೀನಿ ಹೇಳ್ತೀನಿ ಅಂದ್ರು."

ಫೆಬ್ರವರಿ. ಹೋಟೆಲಿನವರು ಬಂದದ್ದು ಮಾರ್ಚಿನಲ್ಲಿ.

ನಾನು ಪುಸ್ತಕದಲ್ಲಿ ಏನೂ ಬರೆಯಲಿಲ್ಲ.

ಅಕ್ಟೋಬರ್ 10, ಗುರುವಾರ

ಮೆಟ್ಟಿಲ ಮಧ್ಯೆ ನಿಂತರೆ ಸೋಮಾರಿ ಅಂದಿದ್ದೆ.

ಕಾಲೇಜಿಗೆ ಹೋಗಲಿಲ್ಲ.

ಅಕ್ಟೋಬರ್ 12, ಶನಿವಾರ

ಹಾಸಿಗೆ ಕಾರ್ಖಾನೆಯ ಗೇಟಿನ ಹೊರಗೆ ಕಾದು ನಿಂತೆ. ಊಟದ ಗಂಟೆ ಹೊಡೆದ ಮೇಲೆ ಮೇಸ್ತ್ರಿ ಬಂದ. ತಲೆ ಮೈಯೆಲ್ಲ ಹತ್ತಿಯ ಧೂಳು. ನನ್ನ ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ."

"ಮತ್ತೆ ಯಾಕೆ ಹೇಳ್ಲಿಲ್ಲ? ಒಂದು ವರ್ಷ! ದಿನಾ ಹೊದಿಕೆ ತಗೊಂಡು ಹೋಗೋಕೆ ಮನೆಗೆ ಬರ್ತಿದ್ದೆ, ನನ್ನ ಕೈಯಿಂದಾನೇ ಚಹಾ ಕುಡೀತಿದ್ದೆ!"

"ಅಣ್ಣ ಮಾತು ತಗೊಂಡಿದ್ರು. ಹೇಳಿದ್ರೆ ಅವಳು ಬೆಳಿಗ್ಗೆಯಿಂದ ಸಂಜೆವರೆಗೂ ನನ್ನ ಎದೆ ನೋಡ್ಕೊಂಡು ಕೂತಿರ್ತಾಳೆ, ಬೈಯೋದನ್ನೇ ಬಿಟ್ಬಿಡ್ತಾಳೆ, ಆಮೇಲೆ ನನಗೆ ಆ ಮನೇಲಿ ಇರೋಕಾಗಲ್ಲ ಅಂದ್ರು. ಅವಳು ಸೋಮಾರಿ ಅಂತ ಬೈದ್ರೆ ನಾನು ಗಟ್ಟಿಯಾಗಿದ್ದೀನಿ ಅನ್ಸುತ್ತೆ ಕಣೋ ಅಂತಿದ್ರು. ಅಮ್ಮಂಗಂತೂ ಗೊತ್ತಾಗಲೇಬಾರ್ದು, ಅವಳು ತಡ್ಕೊಳ್ಳಲ್ಲ ಅಂತ ದಿನಾ ಹೇಳೋರು."

ಅಂಗಡಿ ಬಿಡುವ ದಿನವಾದರೂ ಹೇಳಬಾರದಿತ್ತಾ ಅಂತ ಕೇಳಿದೆ. "ಮಾತು ಕೊಟ್ಟಿದ್ದೆ ಅಕ್ಕ" ಅಂದ. ಅವನ ಊಟದ ಹೊತ್ತು ಮುಗಿಯಿತು. ತಂದ ಡಬ್ಬಿಯನ್ನು ತೆರೆಯದೆ ಒಳಗೆ ಹೋದ.

ಬಸ್ಸಿನಲ್ಲಿ ಬರುವಾಗ ಇವರ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ ಎದುರಿಗೆ ಸಿಕ್ಕಿದ್ದರೆ ಹೊಡೆದೇಬಿಡುತ್ತಿದ್ದೆ. ನನಗೆ ಏನು ತಿಳಿಯಬೇಕು, ಏನು ತಿಳಿಯಬಾರದು ಅಂತ ತೀರ್ಮಾನಿಸಲು ಇವರು ಯಾರು? ನಾನೇನು ಮಗುವಾ? ಒಂದು ವರ್ಷ ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳುತ್ತಿದ್ದೆ. ಅದನ್ನು ನನ್ನಿಂದ ಕಿತ್ತುಕೊಂಡರು. ಇನ್ನೊಬ್ಬರ ದುಃಖವನ್ನು ಅವರಿಗೇ ಕೊಡದೆ ಬಚ್ಚಿಡುವ ಹಕ್ಕು ಯಾರಿಗೂ ಇಲ್ಲ.

ಅಕ್ಟೋಬರ್ 15, ಮಂಗಳವಾರ

ಮೇಡಂ ಕೋಣೆಗೆ ಹೋಗಿ ವರದಿ ವಾಪಸ್ ಕೇಳಿದೆ. ಹತ್ತನೇ ಗಿರಾಕಿ ಸಿಕ್ಕರು ಅಂತ ಹೇಳಿ, ಎಲ್ಲ ಹೇಳಿದೆ. ಗುಂಗುರು ಪಕ್ಕದಲ್ಲಿ ನಿಂತು ಮೂಗು ಸೊರಸೊರ ಎಳೆದುಕೊಳ್ಳುತ್ತ ಅತ್ತಳು. ಮೇಡಂ ಬಹಳ ಹೊತ್ತು ಕನ್ನಡಕ ಒರೆಸಿದರು.

"ಅಂಕ ಆಗಲೇ ಕಳಿಸಿಬಿಟ್ಟಿದ್ದೀನಿ. ಅದನ್ನ ಬದಲಾಯಿಸೋಕೆ ಆಗಲ್ಲ."

"ಅಂಕ ಇರಲಿ ಮೇಡಂ. ಆ ಪುಟ ಮಾತ್ರ ಕೊಡಿ."

ಛಲವಿರಲಿಲ್ಲ ಎಂಬ ಸಾಲನ್ನು ಹೊಡೆದು ಹಾಕಿದೆ. ಅದರ ಮೇಲಿನದನ್ನೂ. ಕೊನೆಗೆ ಇಡೀ ಪುಟಕ್ಕೆ ಅಡ್ಡಗೆರೆ ಎಳೆದೆ.

"ಹಾಗಾದ್ರೆ ಕಾರಣ ಅನ್ನೋ ಜಾಗದಲ್ಲಿ ಏನ್ ಬರೀತೀರಿ?" ಅಂತ ಮೇಡಂ ಕೇಳಿದರು. ಪಾಠ ಮಾಡುವ ದನಿಯಲ್ಲಿ ಅಲ್ಲ.

ತಗೊಂಡ ಕೆಲಸವನ್ನೆಲ್ಲ ಮುಗಿಸಿಕೊಟ್ಟು ಇವರು ಹೋದರು ಅಂತ ಬರೆದೆ. ಈ ಸಲ ಮೇಡಂ ಯಾವ ಪದಕ್ಕೂ ಸುತ್ತು ಹಾಕಲಿಲ್ಲ.

ಹೊರಗೆ ಬಂದ ಮೇಲೆ ಗುಂಗುರು ಕೇಳಿದಳು, "ಆಂಟಿ, ಅಂಗಡಿ ವಾಪಸ್ ಸಿಗಲ್ವಾ?" ನಿನ್ನೆ ಆ ದಾರಿಯಲ್ಲೇ ಹೋಗಿದ್ದೆ. ಗೋಡೆಗೆ ನೀಲಿ ಬಣ್ಣ ಹೊಡೆದಿದ್ದಾರೆ. ಹತ್ಯಾರು ನೇತು ಹಾಕುತ್ತಿದ್ದ ಮೊಳೆಗಳನ್ನು ಕಿತ್ತು ತೂತು ಮುಚ್ಚಿದ್ದಾರೆ. ಸಿಗಲ್ಲ ಅಂದೆ.

ಅಕ್ಟೋಬರ್ 20, ಭಾನುವಾರ

ಅತ್ತೆ ಮಾತು ಬಿಟ್ಟು ಇವತ್ತಿಗೆ ಮೂವತ್ತೈದು ದಿನ. ಊಟ ಅರ್ಧಕ್ಕರ್ಧ ಕಡಿಮೆಯಾಗಿದೆ. ನಿನ್ನೆ ಎದ್ದು ನಿಲ್ಲುವಾಗ ಗೋಡೆ ಹಿಡಿದುಕೊಂಡರು. ಮಗ ಸೋಮಾರಿಯಾಗಿದ್ದ ಅಂತ ಸೊಸೆ ಊರಿಗೆಲ್ಲ ಸಾರಿದಳು ಅನ್ನುವುದೇ ಅವರ ತಲೆಯಲ್ಲಿ ಕೂತಿದೆ. ಹೇಳಲೇಬೇಕು ಅಂತ ಬೆಳಿಗ್ಗೆಯೇ ಗಟ್ಟಿ ಮನಸ್ಸು ಮಾಡಿದೆ. ಹೆತ್ತವರು. ಅವರಿಗಿಂತ ಹೆಚ್ಚಿನ ಹಕ್ಕು ಯಾರಿಗಿದೆ?

ಹತ್ತು ಗಂಟೆಗೆ ಅವರ ಮಂಚದ ಮೇಲೆ ಹೋಗಿ ಕೂತೆ. ಅವರು ಗೋಡೆ ಕಡೆ ತಿರುಗಿದರು.

"ಅತ್ತೆ, ಅವತ್ತು ನಾನು ಓದ್ತಿದ್ನಲ್ಲ, ಅದು ತಪ್ಪು."

ಬೆನ್ನು ಮಾತ್ರ ಕಾಣುತ್ತಿತ್ತು. ಎಷ್ಟು ಸಣ್ಣಗಾಗಿದ್ದಾರೆ ಅಂದರೆ ಬಟ್ಟೆಯ ಮೇಲಿನಿಂದಲೇ ಬೆನ್ನುಮೂಳೆ ಎಣಿಸಬಹುದಿತ್ತು. ಬಾಯಿಯ ತನಕ ಬಂದ ಮಾತು ಅಲ್ಲೇ ನಿಂತಿತು.

"ಮೇಡಂ ಓದಿ ನೋಡಿ ಬೈದ್ರು. ಪೂರ್ತಿ ತಪ್ಪು ಅಂದ್ರು."

ಅತ್ತೆಯ ತಲೆ ಸ್ವಲ್ಪ ಅಲುಗಿತು. "ಎಷ್ಟು ಕೊಟ್ಳು?" ಗೋಡೆಗೆ ಕೇಳಿದರು.

"ಸೊನ್ನೆ."

ಈಗ ತಿರುಗಿದರು. ಕಣ್ಣು ಮಿನುಗುತ್ತಿತ್ತು. "ಸೊನ್ನೆನಾ? ಪೂರ್ತಿ ಸೊನ್ನೆ? ಒಳ್ಳೇ ಹುಡುಗಿ ಕಣೇ ಅವಳು. ಬುದ್ಧಿ ಇದೆ." ಕೈಯೂರಿ ಎದ್ದು ಕೂತರು. "ಹಾಗಾದ್ರೆ ಅಷ್ಟೊಂದು ಕೆಲಸ ಅವನು ಯಾಕೆ ವಾಪಸ್ ಕಳಿಸ್ದ? ಅದನ್ನ ಹೇಳು."

"ನನಗೋಸ್ಕರ ಅತ್ತೆ. ಹೊಲಿದು ಹೊಲಿದು ನನಗೆ ಕಣ್ಣುನೋವು ಬರ್ತಿತ್ತಲ್ಲ. ಕೆಲಸ ಜಾಸ್ತಿ ತಗೊಂಡ್ರೆ ನನ್ನ ಕಣ್ಣು ಹೋಗುತ್ತೆ ಅಂತ ಕಡಿಮೆ ಮಾಡಿದ್ರಂತೆ. ಮೇಸ್ತ್ರಿ ಹೇಳಿದ. ನನಗೇ ಗೊತ್ತಿರ್ಲಿಲ್ಲ."

ನನಗೆ ಯಾವತ್ತೂ ಕಣ್ಣುನೋವು ಬಂದದ್ದಿಲ್ಲ.

"ಹಾಗೆ ಹೇಳು ಮತ್ತೆ!" ಅತ್ತೆ ತೊಡೆ ತಟ್ಟಿಕೊಂಡರು. "ನಾನು ಅವತ್ತೇ ಅಂದ್ಕೊಂಡೆ. ನನ್ನ ಮಗ ಸುಮ್ ಸುಮ್ನೆ ಕೂರೋನಲ್ಲ. ಹೆಂಡ್ತಿ ಕಣ್ಣು ಉಳಿಸೋಕೆ ಮಾಡ್ದ. ನೀನು ನೋಡಿದ್ರೆ ಅವನನ್ನೇ ಸೋಮಾರಿ ಅಂದೆ."

"ಅಂದೆ ಅತ್ತೆ."

ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಫೆಬ್ರವರಿಯಿಂದ ಇಲ್ಲಿಯವರೆಗೆ ಹೀಗೆ ಅತ್ತಿರಲಿಲ್ಲ. ನಿಲ್ಲಿಸಲು ಹೋದರೆ ಇನ್ನೂ ಜೋರಾಯಿತು. ಅತ್ತೆ ಗಾಬರಿಯಾಗಿ ನನ್ನ ತಲೆಯನ್ನು ತಮ್ಮ ಹೆಗಲಿಗೆ ಎಳೆದುಕೊಂಡು ಬೆನ್ನು ಸವರಿದರು.

"ಅಯ್ಯೋ ಹುಚ್ಚಿ, ಒಂದು ಸೊನ್ನೆ ಬಂತು ಅಂತ ಯಾರಾದ್ರೂ ಹೀಗೆ ಅಳ್ತಾರಾ? ಸುಮ್ನಿರು. ಮುಂದಿನ ಸಲ ಸರಿಯಾಗಿ ಬರೆಯುವೆಯಂತೆ."

"ಹೂಂ ಅತ್ತೆ" ಅಂದೆ.